ಮಕ್ಕಳ ರಕ್ತದಲ್ಲಿ ಸೀಸ: ಪರೀಕ್ಷೆ ಮಾಡಬೇಕಾದವರು ಯಾರು?

ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನ ಗುಣವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ; ಮಗು ನಕ್ಕರೆ ಸಾಕು. ಹಲ್ಲಿನ ಮೇಲಿನ ಕಂದು ಕಲೆಯೇ ಫ್ಲೋರೈಡಿನ ಸಾಕ್ಷಿ ಹೇಳುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಕೂಡದೆಂಬ ಕಟ್ಟಳೆಯುಂಟು. ಆ ಕಟ್ಟಳೆಯನ್ನು ಮೀರಿದ ಬಾವಿಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಉಂಟು. ಕಲೆ ಕಣ್ಣಿಗೆ ಬಿದ್ದುದರಿಂದ ಜನ ಕೇಳಿದರು. ಜನ ಕೇಳಿದ್ದರಿಂದ ಸರ್ಕಾರವು ತಡವಾಗಿಯಾದರೂ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳನ್ನು ಇಟ್ಟಿತು.

ಆದರೆ ಹಲ್ಲಿನ ಮೇಲೆ ಕಲೆಯನ್ನು ಬಿಡದ, ಮೊದಮೊದಲು ಜ್ವರವನ್ನಾಗಲಿ ನೋವನ್ನಾಗಲಿ ಕೊಡದ ಇನ್ನೊಂದು ವಿಷವುಂಟು. ಅದು ಸೀಸ. ಮಗುವಿನ ಮಿದುಳು ಬೆಳೆಯುವ ಕಾಲದಲ್ಲೇ ಒಳಹೊಕ್ಕು ಆ ಬೆಳವಣಿಗೆಯನ್ನು ಅದು ಕುಗ್ಗಿಸುತ್ತದೆ. ಅಂಥ ಮಗುವನ್ನು ಶಾಲೆಯಲ್ಲಿ ದಡ್ಡನೆನ್ನುತ್ತಾರೆ, ಮನೆಯಲ್ಲಿ ಹಟಮಾರಿಯೆನ್ನುತ್ತಾರೆ, ಮುಂದೆ ಗಿರಣಿಯಲ್ಲೋ ಗ್ಯಾರೇಜಿನಲ್ಲೋ ಕೈಲಾಗದವನೆನ್ನುತ್ತಾರೆ. ರಕ್ತವನ್ನು ಪರೀಕ್ಷಿಸಿದ ಹೊರತು ನಿಜವಾದ ಕಾರಣ ಯಾರಿಗೂ ತಿಳಿಯದು. ಆ ಪರೀಕ್ಷೆಯನ್ನು ಮಾಡಬೇಕಾದವರು ಯಾರು ಎಂಬುದೇ ಈ ವಾರ ನಾವು ಜನತೆಯ ಮುಂದಿಡುವ ಪ್ರಶ್ನೆ.

ವಿಷ ಕೆಲಸಮಾಡುವ ಬಗೆ

ಸೀಸದಿಂದ ಮನುಷ್ಯನ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲ. ಆದರೆ ದೇಹವು ಅದನ್ನು ಸುಣ್ಣದಂಶವೆಂದು, ಅಂದರೆ ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಒಳಗೆ ಸೇರಿಸಿಕೊಳ್ಳುತ್ತದೆ. ಮೂಳೆಯಲ್ಲಿ ವರ್ಷಗಟ್ಟಲೆ ಕೂಡಿಡುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಮೂಳೆಯಲ್ಲಿ ಕೂಡಿದ್ದ ಸೀಸ ಮತ್ತೆ ರಕ್ತಕ್ಕೆ ಇಳಿದು ಗರ್ಭದ ಶಿಶುವನ್ನು ಮುಟ್ಟುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹಕ್ಕೆ ಸೇರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಎಳೆಯ ಮಗುವಿನ ದೇಹಕ್ಕೆ ಸೇರುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಧೂಳಿನ ಕೈಯನ್ನು ಬಾಯಿಗಿಡುವುದಂತೂ ಸಹಜ.

ಇಲ್ಲಿ ಇನ್ನೊಂದು ಅನ್ಯಾಯವಿದೆ. ಕಬ್ಬಿಣದಂಶ ಮತ್ತು ಸುಣ್ಣದಂಶ ಕಡಮೆಯಾದ ಮಗುವಿನ ಕರುಳು ಸೀಸವನ್ನು ಇನ್ನೂ ಹೆಚ್ಚಾಗಿ ಹೀರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆಯಿದೆ. ಒಂದೇ ಬೀದಿಯ ಒಂದೇ ಧೂಳಿನಲ್ಲಿ ಆಡಿದರೂ ಹೊಟ್ಟೆ ತುಂಬಿದ ಮಗುವಿಗಿಂತ ಅರೆಹೊಟ್ಟೆಯ ಮಗು ಹೆಚ್ಚು ವಿಷವನ್ನು ಒಳಗೊಳ್ಳುತ್ತದೆ. ಸಿರಿವಂತ ಬಡವರೆಂಬ ಭೇದ ಈ ವಿಷಕ್ಕೂ ಉಂಟು.

ರಕ್ತದಲ್ಲಿ ಇಷ್ಟು ಸೀಸವಿದ್ದರೆ ಬಾಧಕವಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಡೆಸಿಲೀಟರ್ ರಕ್ತದಲ್ಲಿ, ಅಂದರೆ ಲೀಟರಿನ ಹತ್ತನೆಯ ಒಂದು ಪಾಲಿನಲ್ಲಿ, 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕೆಂಬುದು ಅದರ 2021ರ ಮಾರ್ಗಸೂಚಿ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಮೈಕ್ರೋಗ್ರಾಂ. ಪ್ರಮಾಣ ವಿಪರೀತವಾದರೆ ಹೊಟ್ಟೆನೋವು, ಸೆಳವು, ಸಾವು ಕೂಡ ಬರಬಹುದು. ಅಂಥ ಮಕ್ಕಳ ರಕ್ತದಿಂದ ಸೀಸವನ್ನು ಹೊರತೆಗೆಯುವ ಔಷಧವುಂಟು. ಆದರೆ ಕಳೆದುಹೋದ ಬುದ್ಧಿಶಕ್ತಿಯನ್ನು ಮರಳಿ ತರುವ ಔಷಧ ಇನ್ನೂ ಹುಟ್ಟಿಲ್ಲ. ಆದುದರಿಂದ ತಡೆಗಟ್ಟುವುದೊಂದೇ ಇದಕ್ಕೆ ಚಿಕಿತ್ಸೆ.

ಪೆಟ್ರೋಲಿನ ಪಾಠ

ಇದು ಹೊಸದಾಗಿ ಕಂಡುಹಿಡಿದ ವಿಷವೇನೂ ಅಲ್ಲ. 1923ರಲ್ಲಿ ಅಮೆರಿಕದ ಕಂಪನಿಗಳು ಪೆಟ್ರೋಲಿಗೆ ಸೀಸವನ್ನು ಬೆರೆಸಿ ಮಾರಲು ಆರಂಭಿಸಿದವು. ಮರುವರ್ಷವೇ ಆ ಸೀಸವನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸಗಾರರು ಭ್ರಾಂತಿ ಹಿಡಿದು ಸತ್ತರು. ಆದರೂ ವ್ಯಾಪಾರ ನಿಲ್ಲಲಿಲ್ಲ. ಜಗತ್ತಿನಲ್ಲಿ ಕಟ್ಟಕಡೆಗೆ ಸೀಸದ ಪೆಟ್ರೋಲಿನ ಮಾರಾಟವನ್ನು ನಿಲ್ಲಿಸಿದ ದೇಶ ಆಲ್ಜೀರಿಯ, 2021ರಲ್ಲಿ. ಲಾಭ ತಂದುಕೊಡುವ ಒಂದು ವಿಷವನ್ನು ನಿಲ್ಲಿಸಲು ಮನುಷ್ಯಕುಲಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

ನಮ್ಮ ಪಕ್ಕದ ಬೆಂಗಳೂರಿನ ಕತೆಯನ್ನೂ ನೋಡೋಣ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆಯು ದೇಶದ ಏಳು ನಗರಗಳಲ್ಲಿ ಜನರ ರಕ್ತವನ್ನು ಪರೀಕ್ಷೆ ಮಾಡಿಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಕಂಡಿತು. ಈ ಕೆಲಸದಲ್ಲಿ ತೊಡಗಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ವೆಂಕಟೇಶ್ ತುಪ್ಪಿಲ್ ಮುಖ್ಯರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂತು.

ಪೆಟ್ರೋಲಿನಿಂದ ಸೀಸವನ್ನು ತೆಗೆದುದರ ಫಲ ಸಾಮಾನ್ಯವಾದುದಲ್ಲ. ಅಮೆರಿಕದಲ್ಲಿ 1970ರ ದಶಕದ ಕೊನೆಯಿಂದ 1990ರ ದಶಕದ ಆರಂಭದೊಳಗೆ ಜನರ ರಕ್ತದಲ್ಲಿನ ಸರಾಸರಿ ಸೀಸ 12.8ರಿಂದ 2.8 ಮೈಕ್ರೋಗ್ರಾಮಿಗೆ ಇಳಿಯಿತು. ಇದು ತಾಯಂದಿರು ಮಕ್ಕಳ ಕೈ ತೊಳೆಸಿದ್ದರಿಂದ ಆದದ್ದಲ್ಲ. ವಿಷ ಹುಟ್ಟುವ ಜಾಗದಲ್ಲಿ ಕಾನೂನು ಅದರ ಕೈ ಹಿಡಿದದ್ದರಿಂದ ಆದದ್ದು. ಮನೆಯನ್ನು ಶುಚಿಯಾಗಿಡಿರೆಂದು ಬಡವರಿಗೆ ಉಪದೇಶ ಮಾಡಿ ಕೈತೊಳೆದುಕೊಳ್ಳುವ ಅಧಿಕಾರವರ್ಗವು ಈ ಪಾಠವನ್ನು ಮೊದಲು ಕಲಿಯಬೇಕು.

ಬಣ್ಣದ ವಿಷಯದಲ್ಲಿಯೂ ಹೀಗೆಯೇ. ಕಟ್ಟಡಗಳ ಒಳಗೋಡೆಗೆ ಸೀಸದ ಬಿಳಿಬಣ್ಣವನ್ನು ಬಳಸಕೂಡದೆಂಬ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಜಿನೀವಾದಲ್ಲಿ 1921ರಲ್ಲೇ ಅಂಗೀಕರಿಸಿತು. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ಕಡ್ಡಾಯದ ನಿಯಮ ಭಾರತದಲ್ಲಿ ಹೊರಟದ್ದು 2016ರಲ್ಲಿ. ನಡುವೆ 95 ವರ್ಷ ಕಳೆದುವು. ನಿಯಮವಂತೂ ಬಂತು, ನಮ್ಮ ಅಂಗನವಾಡಿಯ ಗೋಡೆಗೆ, ಉದ್ಯಾನದ ಉಯ್ಯಾಲೆಗೆ ಬಳಿಯುವ ಡಬ್ಬಿಯನ್ನು ಪರೀಕ್ಷಿಸಿ ನೋಡುವವರು ಯಾರು?

ನಮ್ಮ ಊರುಗಳಲ್ಲಿ ಅದು ಬರುವ ದಾರಿ

ಪೆಟ್ರೋಲಿನ ಸೀಸ ಹೋಯಿತೆಂದು ಸೀಸವೇ ಹೋಗಲಿಲ್ಲ. ಈಗ ಅದರ ಮುಖ್ಯ ವಾಹನ ಬ್ಯಾಟರಿ. ಆಟೋ, ಟ್ರಾಕ್ಟರ್, ಲಾರಿ, ಮನೆಯ ಇನ್ವರ್ಟರ್ ಇವುಗಳ ಹಳೆಯ ಬಗೆಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೀಸವೇ. ಹೆದ್ದಾರಿಯ ಮೇಲಿರುವ ಕೋಲಾರ, ಮುಳಬಾಗಿಲುಗಳಲ್ಲಿ ಗ್ಯಾರೇಜುಗಳಿಗೇನು ಕೊರತೆ? ಮಾಲೂರು ಭಾಗದಲ್ಲಿ ಹಳೆಯ ಬ್ಯಾಟರಿಯ ಸೀಸವನ್ನು ಕರಗಿಸಿ ಶುದ್ಧಮಾಡುವ ದೊಡ್ಡ ಉದ್ಯಮವೇ ಇದೆ. ಪರವಾನಗಿ ಪಡೆದ ಕಾರ್ಖಾನೆಯ ಹೊಗೆಯನ್ನು ಅಳೆಯಲು ಒಂದು ಇಲಾಖೆಯಾದರೂ ಉಂಟು. ಆದರೆ ಗುಜರಿಗೆ ಬಿದ್ದ ಬ್ಯಾಟರಿಯನ್ನು ಯಾರಾದರೂ ಹಿತ್ತಿಲಲ್ಲಿ ಸುತ್ತಿಗೆಯಿಂದ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ತಟ್ಟೆಗಳನ್ನು ಬಾಣಲೆಯಲ್ಲಿ ಕರಗಿಸಿದರೆ ಅದನ್ನು ಅಳೆಯುವವರೇ ಇಲ್ಲ. ಆ ಧೂಳು ಅಂಗಳದಲ್ಲೇ ಉಳಿಯುತ್ತದೆ. ಮಳೆಗೂ ಕರಗದು, ಬಿಸಿಲಿಗೂ ಒಣಗಿ ಹೋಗದು.

ಇದನ್ನು ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ. ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಾಕಾರಿನ ಅಂಚಿನಲ್ಲಿ ತಿಯಾರೊಯ್ ಎಂಬ ಬಡಾವಣೆಯಿದೆ. ಹಳೆಯ ಬ್ಯಾಟರಿಯ ಸೀಸ ಬೆರೆತಿದ್ದ ಮಣ್ಣನ್ನು ಬಡ ಕುಟುಂಬಗಳು ಜರಡಿ ಹಿಡಿದು ಮಾರುತ್ತಿದ್ದವು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ 18 ಮಕ್ಕಳು ಸತ್ತರು. ಮಕ್ಕಳು ಸತ್ತ ಮೇಲೆಯೇ ಅಲ್ಲಿ ರಕ್ತಪರೀಕ್ಷೆ ನಡೆದದ್ದು. ನಾವು ಆ ಸರದಿಗಾಗಿ ಕಾಯಬೇಕಾಗಿಲ್ಲ.

ಇನ್ನು ಕೆಲಸಗಾರರ ಮಾತು. 1948ರ ಕಾರ್ಖಾನೆ ಕಾಯಿದೆಯಲ್ಲಿ ವೈದ್ಯನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯೊಂದಿತ್ತು. ಆ ಪಟ್ಟಿಯ ಮೊದಲ ಹೆಸರೇ ಸೀಸದ ವಿಷ. ಅದರ ಜಾಗಕ್ಕೆ ತಂದ 2020ರ ಸಂಹಿತೆಯ ಪಟ್ಟಿಯಲ್ಲೂ ಅದೇ ಮೊದಲು. ಅಂದರೆ ಸೀಸ ಕಾರ್ಮಿಕನಿಗೆ ವಿಷವೆಂಬುದನ್ನು ಸರ್ಕಾರ ಎಂದೋ ಒಪ್ಪಿದೆ. ಆದರೆ ಆ ಕಾರ್ಮಿಕನ ಅಂಗಿಗೆ ಹತ್ತಿದ ಧೂಳು ಸಂಜೆ ಮನೆಗೆ ಬಂದು, ಅಪ್ಪನ ತೊಡೆಯೇರುವ ಮಗುವಿಗೆ ಅಂಟಿದರೆ ಅದು ಯಾವ ಪಟ್ಟಿಗೂ ಸೇರದು. ಕಾನೂನು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತದೆ. ಧೂಳು ಮಾತ್ರ ಗೇಟಿನಲ್ಲಿ ನಿಲ್ಲುವುದಿಲ್ಲ.

ಅಡುಗೆಮನೆಗೂ ಸೀಸ ಬರುವ ದಾರಿಗಳುಂಟು. ಹಿತ್ತಾಳೆಯ ಪಾತ್ರೆಗೆ ಶುದ್ಧ ತವರದಿಂದ ಕಲಾಯಿ ಹಾಕಿದರೆ ಬಾಧಕವಿಲ್ಲ. ಆದರೆ ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆಸಿದ ಕಲಾಯಿಯ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರು ಕುದಿಸಿದರೆ ಸೀಸ ಸಾರಿಗಿಳಿಯುತ್ತದೆ. ಬಣ್ಣ ಬರಲೆಂದು ಅರಿಶಿನಕ್ಕೆ ಲೆಡ್ ಕ್ರೋಮೇಟ್ ಬೆರೆಸುವ ಕಲಬೆರಕೆಯುಂಟು. ಸಿಂಧೂರವೆಂದು ಮಾರುವ ಕೆಲವು ಕೆಂಪುಪುಡಿಗಳು ಸೀಸದವೇ. ನಾಗಭಸ್ಮವೆಂದರೆ ಸೀಸದ ಭಸ್ಮ. ಬಲ್ಲವರ ಸಲಹೆಯಿಲ್ಲದೆ ಇಂಥ ಔಷಧಗಳನ್ನು ಮಕ್ಕಳಿಗೆ ಕೊಡಕೂಡದು.

ವ್ಯಾಪಾರಿ ಮಿತ್ರರಿಗೆ ಒಂದು ಮಾತು

ಈ ಮಾತುಗಳನ್ನು ಓದಿ ನಮ್ಮ ಸಣ್ಣ ವ್ಯಾಪಾರಿಗಳು ಗಾಬರಿಯಾಗಬೇಕಾಗಿಲ್ಲ. ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವ ಕಿರಾಣಿಯವರು ಅದಕ್ಕೆ ಬಣ್ಣ ಬೆರೆಸಿದವರಲ್ಲ. ಮೇಲಿನಿಂದ ಬಂದುದನ್ನು ಮಾರುವವರು. ಬ್ಯಾಟರಿ ಕೊಳ್ಳುವ ಗುಜರಿಯವರು ಬ್ಯಾಟರಿ ತಯಾರಿಸಿದವರಲ್ಲ. ಇನ್‌ಸ್ಪೆಕ್ಟರು ಬಂದು ಚಿಕ್ಕ ಅಂಗಡಿಗೆ ಬೀಗ ಜಡಿದು ಹೋದರೆ ಸೀಸ ಇನ್ನೊಂದು ಬೀದಿಗೆ ಹೋಗುತ್ತದೆಯೇ ಹೊರತು ಊರು ಬಿಟ್ಟು ಹೋಗುವುದಿಲ್ಲ.

ಮಾಡಬೇಕಾದ ರೀತಿಯನ್ನು ಬಾಂಗ್ಲಾದೇಶವು ತೋರಿಸಿಕೊಟ್ಟಿದೆ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವಿತ್ತು. ಅಲ್ಲಿನ ಆಹಾರ ಸುರಕ್ಷತಾ ಅಧಿಕಾರಿಗಳು ಸಗಟು ಮಾರುಕಟ್ಟೆಗೆ ನೇರವಾಗಿ ಹೋಗಿ ಸ್ಥಳದಲ್ಲೇ ಪರೀಕ್ಷಿಸಿದರು, ಕಲಬೆರಕೆಯ ಮಾಲು ಮಾರಿದ ಸಗಟುದಾರರಿಗೆ ದಂಡ ಹಾಕಿದರು, ಜನರಿಗೂ ವ್ಯಾಪಾರಿಗಳಿಗೂ ತಿಳಿಯಹೇಳಿದರು. 2021ರ ಹೊತ್ತಿಗೆ ಪರೀಕ್ಷಿಸಿದ ಮಾದರಿಗಳಲ್ಲಿ ಸೀಸ ಸೊನ್ನೆಗೆ ಇಳಿದಿತ್ತು. ಅರಿಶಿನದ ಮಿಲ್ಲುಗಳ ಕೆಲಸಗಾರರ ರಕ್ತದಲ್ಲಿನ ಸೀಸವೂ ಇಳಿಯಿತು. ನಮಗಿಂತ ಬಡ ದೇಶವೆಂದು ನಾವು ತಿಳಿದಿರುವ ದೇಶವು ಎರಡು ವರ್ಷದಲ್ಲಿ ಇದನ್ನು ಸಾಧಿಸಿತು.

ಆಗಬೇಕಾದ್ದು

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಅದರ ವೈದ್ಯರ ತಂಡಗಳು ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಶಾಲೆಯ ಮಕ್ಕಳನ್ನು ಒಂದು ಸಲ ನೋಡಬೇಕೆಂಬುದು ಕ್ರಮ. ಆ ತಂಡಗಳ ಕೈಯಲ್ಲಿರುವ ಪಟ್ಟಿಯಲ್ಲಿ ರಕ್ತಹೀನತೆ ಉಂಟು, ಸೆಳವು ಉಂಟು, ಬುದ್ಧಿಬೆಳವಣಿಗೆಯ ಕುಂಠಿತ ಉಂಟು, ಕಲಿಕೆಯ ತೊಡಕು ಉಂಟು. ಸೀಸವು ಮಗುವಿಗೆ ಏನೇನು ಮಾಡಬಲ್ಲುದೋ ಅದರಲ್ಲಿ ಬಹುಭಾಗ ಆ ಪಟ್ಟಿಯಲ್ಲಿದೆ. ಸೀಸ ಮಾತ್ರ ಇಲ್ಲ. ಫಲವನ್ನು ಎಣಿಸಿ ಬೇರನ್ನು ಬಿಟ್ಟಂತಾಯಿತು.

ಆದುದರಿಂದ ನಮ್ಮ ಮೊದಲ ಬೇಡಿಕೆಯೆಂದರೆ ಪರೀಕ್ಷೆ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ರಕ್ತದ ಸೀಸವನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡಾಗಬೇಕು. ಬೆರಳ ತುದಿಯ ಹನಿ ರಕ್ತದಿಂದಲೇ ಮೊದಲ ಪರೀಕ್ಷೆ ಮಾಡುವ ಯಂತ್ರಗಳುಂಟು. ಹೆಚ್ಚು ಕಂಡರೆ ನರದ ರಕ್ತ ತೆಗೆದು ಖಚಿತಪಡಿಸಬಹುದು. ಎಲ್ಲರನ್ನೂ ಒಂದೇ ದಿನ ಪರೀಕ್ಷಿಸಬೇಕೆಂದು ನಾವು ಕೇಳುತ್ತಿಲ್ಲ. ಬ್ಯಾಟರಿ, ಗುಜರಿ, ಬಣ್ಣ, ಬೆಸುಗೆ, ಕಲಾಯಿಯ ಕೆಲಸ ನಡೆಯುವ ಬೀದಿಗಳ ಐದು ವರ್ಷದೊಳಗಿನ ಮಕ್ಕಳಿಂದ, ಬಸುರಿ ಹೆಂಗಸರಿಂದ ನಾಲ್ಕೂ ತಾಲ್ಲೂಕುಗಳಲ್ಲಿ ಆರಂಭವಾಗಲಿ. ಟಮಕದಲ್ಲಿ ವೈದ್ಯಕೀಯ ಕಾಲೇಜಿದೆ. ಜಿಲ್ಲಾಡಳಿತವು ಅಲ್ಲಿನ ತಜ್ಞರ ನೆರವನ್ನೂ ಕೇಳಲಿ.

ಎರಡನೆಯದು ಮೂಲದ ಪತ್ತೆ. 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡ ಪ್ರತಿ ಮಗುವಿನ ಮನೆಗೂ ಆರೋಗ್ಯ ನಿರೀಕ್ಷಕರು ಆಶಾ ಕಾರ್ಯಕರ್ತೆಯರೊಡನೆ ಹೋಗಿ ಮಣ್ಣು, ನೀರು, ಪಾತ್ರೆ, ಅರಿಶಿನ, ಗೋಡೆಯ ಬಣ್ಣ ಇವುಗಳ ಮಾದರಿ ತೆಗೆಯಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಭಾವನೆಯನ್ನು ಕೊಡತಕ್ಕದ್ದು. ಬಿಟ್ಟಿ ಚಾಕರಿ ಕೂಡದು. ಮಗುವಿನ ಹೆಸರು ಗುಟ್ಟಾಗಿರಲಿ. ಯಾವ ಬೀದಿಯಲ್ಲಿ ಏನು ಕಂಡಿತೆಂಬ ಫಲಿತಾಂಶ ಮಾತ್ರ ಪುರಸಭೆಯ, ಪಂಚಾಯಿತಿಯ ಹಲಗೆಯ ಮೇಲೆ ಬರಲಿ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಆ ನೀರನ್ನೂ ಕೆರೆಯ ಹೂಳನ್ನೂ ಪರೀಕ್ಷಿಸಿ, ಬಂದ ಫಲವನ್ನು ಅದೇ ಹಲಗೆಯ ಮೇಲೆ ಬರೆದರೆ ಜನರ ಭಯಕ್ಕೂ ಒಂದು ಉತ್ತರ ಸಿಕ್ಕೀತು.

ಮೂರನೆಯದು ಬ್ಯಾಟರಿ. ಮಾರಿದ ಕಂಪನಿಯೇ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯಬೇಕೆಂಬ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೊರಿಸಿವೆ. ಆ ಹೊಣೆ ಬೆಂಗಳೂರಿನ ಕಚೇರಿಯ ಕಡತದಲ್ಲಿ ಉಳಿಯಕೂಡದು. ತಾಲ್ಲೂಕಿಗೊಂದು ಸಂಗ್ರಹ ಕೇಂದ್ರವನ್ನು ಕಂಪನಿಗಳ ಖರ್ಚಿನಲ್ಲಿ ತೆರೆಯಲಿ. ಒಡೆದು ಮಾರಿದರೆ ಸಿಗುವುದಕ್ಕಿಂತ ಇಡಿಯ ಬ್ಯಾಟರಿಗೆ ಹೆಚ್ಚು ಬೆಲೆ ಸಿಕ್ಕಿದರೆ ಗುಜರಿಯವರು ಒಡೆಯುವುದೇಕೆ? ಜೀವನೋಪಾಯವನ್ನು ಕಸಿಯದೆ ವಿಷವನ್ನು ಕಸಿಯುವ ದಾರಿ ಇದೇ. ಅಪಾಯಕರ ಉದ್ಯೋಗಗಳಿಗೆ ಲೈಸೆನ್ಸ್ ಕೊಟ್ಟು ಹತೋಟಿಯಲ್ಲಿಡುವ ಅಧಿಕಾರವನ್ನು 1964ರ ಪುರಸಭೆಗಳ ಕಾಯಿದೆ ನಮ್ಮ ನಗರಸಭೆ ಪುರಸಭೆಗಳಿಗೆ ಕೊಟ್ಟಿದೆ. ಲೈಸೆನ್ಸ್ ಶುಲ್ಕವನ್ನು ವಸೂಲುಮಾಡಲು ನೆನಪಾಗುವ ಆ ಕಾಯಿದೆ ಮಕ್ಕಳ ರಕ್ಷಣೆಗೂ ನೆನಪಾಗಲಿ.

ನಾಲ್ಕನೆಯದು ಕಾರ್ಖಾನೆ. ಸೀಸದ ಕೆಲಸವಿರುವ ಕಡೆಯಲ್ಲೆಲ್ಲ ಸ್ನಾನದ ಮನೆ, ಬದಲಿ ಬಟ್ಟೆ, ಬಟ್ಟೆಯನ್ನು ಅಲ್ಲೇ ಒಗೆಯುವ ವ್ಯವಸ್ಥೆ, ಕಾಲಕಾಲಕ್ಕೆ ರಕ್ತಪರೀಕ್ಷೆ ಇರಬೇಕು. ಗುತ್ತಿಗೆಯ ಕೂಲಿಕಾರರಿಗೂ ಇದು ಸಿಗಬೇಕು. ಪರೀಕ್ಷೆಯ ಚೀಟಿ ಆಡಳಿತವರ್ಗದ ಬೀರುವಿನಲ್ಲಲ್ಲ, ಕೆಲಸಗಾರನ ಕೈಯಲ್ಲಿರಬೇಕು.

ಮಕ್ಕಳ ಊಟವನ್ನೂ ಮರೆಯಕೂಡದು. ನಮ್ಮ ರಾಗಿಯಲ್ಲಿ ಸುಣ್ಣದಂಶ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. 2013ರಿಂದ ಶಾಲೆ ಅಂಗನವಾಡಿಗಳಲ್ಲಿ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆಯಿದೆ, ಕಬ್ಬಿಣದ ಮಾತ್ರೆಯಿದೆ. ಇವು ತಪ್ಪದೆ ಮಗುವಿನ ಹೊಟ್ಟೆ ಸೇರಿದರೆ ಸೀಸ ಸೇರುವುದು ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಆದರೆ ಅಂಗಳದ ವಿಷವನ್ನು ಅಲ್ಲೇ ಬಿಟ್ಟು, ಮುದ್ದೆ ತಿನ್ನಿಸಿರೆಂದು ತಾಯಿಗೆ ಹೇಳಿ ಸುಮ್ಮನಾಗುವುದು ಆರೋಗ್ಯ ಇಲಾಖೆಯ ಕೆಲಸವಲ್ಲ.

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ನೀರಿಲ್ಲದ ಊರಿನಲ್ಲಿ ಸೀಸದ ಚಿಂತೆ ಯಾಕೆ ಎನ್ನುವವರೂ ಇದ್ದಾರೆ. ತಂಡವಿದೆ, ಆಸ್ಪತ್ರೆಯಿದೆ, ಕಾಯಿದೆಯಿದೆ. ಇಲ್ಲದ್ದು ಯಂತ್ರ ಮತ್ತು ಮನಸ್ಸು. ಬಂಡವಾಳಗಾರನ ಮಗನಿಗೆ ಆಸ್ತಿಯುಂಟು, ಜಮೀನುದಾರನ ಮಗನಿಗೆ ತೋಟವುಂಟು. ಗಿರಣಿಯ ಕೂಲಿಕಾರನ ಮಗುವಿಗೆ, ಬೀದಿಬದಿಯ ವ್ಯಾಪಾರಿಯ ಮಗುವಿಗೆ ಇರುವ ಆಸ್ತಿ ಅದರ ತಲೆಯೊಂದೇ. ಅದನ್ನೂ ಕಳೆದುಕೊಂಡರೆ ಮೀಸಲಾತಿಯಿಂದಲೂ ತುಂಬಲಾಗದು, ವಿದ್ಯಾರ್ಥಿವೇತನದಿಂದಲೂ ತುಂಬಲಾಗದು.

ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಈ ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಕಳುಹಿಸಲಿ. ವಾರ್ಡಿನ ಸದಸ್ಯರು ಓಟು ಕೇಳಲು ಬಂದಾಗ ಚರಂಡಿ, ದೀಪಗಳ ಜೊತೆಗೆ ಇದನ್ನೂ ಕೇಳಿ: ನಮ್ಮ ಬೀದಿಯ ಎಷ್ಟು ಮಕ್ಕಳ ರಕ್ತವನ್ನು ಪರೀಕ್ಷೆ ಮಾಡಿಸಿದ್ದೀರಿ? ಉತ್ತರ ಸೊನ್ನೆಯಾದರೆ ಆ ಸೊನ್ನೆಯನ್ನೇ ಸಭೆಯ ನಡಾವಳಿಯಲ್ಲಿ ಬರೆಸಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.